ಬೋಗಿಯ ಬಾಳಿಕೆ, ಬಸ್ಸಿನ ಬೆಲೆ

ನಮ್ಮ ಮಗು ಹುಟ್ಟಿದ ಹೊಸತರಲ್ಲಿ ತಳ್ಳುಗಾಡಿ ಕೊಳ್ಳಲು ನಾನೂ ಅತ್ತಿಗೆಯೂ ಅಂಗಡಿಗೆ ಹೋಗಿದ್ದೆವು. ಅತ್ತಿಗೆ ಎಂದರೆ ನಮ್ಮವರ ಅಕ್ಕ. ಅಂಗಡಿಯವನು ಎರಡು ಗಾಡಿ ತಂದು ಮುಂದೆ ನಿಲ್ಲಿಸಿದ. ಒಂದು ಅಗ್ಗದ್ದು, ಜೋರಾಗಿ ಸೀನಿದರೆ ಮಡಚಿಕೊಳ್ಳುವಂತಿತ್ತು. ಇನ್ನೊಂದರ ಬೆಲೆ ಕೇಳಿ ನನ್ನ ಬಾಯಿ ಒಣಗಿತು. ಆದರೂ ಮಗುವಿನ ವಿಷಯದಲ್ಲಿ ಜಿಪುಣತನ ಮಾಡಿ ನಾಳೆ ನಡುರಸ್ತೆಯಲ್ಲಿ ಗಾಲಿ ಕಳಚಿಕೊಂಡರೆ ಏನು ಗತಿ ಎಂಬ ಭಯಕ್ಕೆ ಆ ದೊಡ್ಡ ಗಾಡಿಯ ಹಿಡಿಯನ್ನೇ ಭದ್ರವಾಗಿ ಹಿಡಿದುಕೊಂಡು ನಿಂತಿದ್ದೆ.

"ಎಷ್ಟು ತಿಂಗಳು ಕೂರ್ತಾಳೆ ಇದರಲ್ಲಿ?" ಅತ್ತಿಗೆ ಕೇಳಿದರು.

"ನಡೆಯೋ ತನಕ."

"ನಡೆಯೋಕೆ ಕಲಿತ ಮೇಲೆ?"

"ಮನೇಲಿ ಇರುತ್ತೆ."

"ಮನೇಲಿ ಸುಮ್ಮನೆ ನಿಂತ ಗಾಡಿ ಜಾಗ ತಿನ್ನುತ್ತೆ. ಆಮೇಲೆ?"

"ಆಮೇಲೆ... ಇನ್ನೊಂದು ಮಗು ಆದ್ರೆ..." ಎಂದೆ. ಅಂಗಡಿಯವನು ಮುಖ ಆಚೆ ತಿರುಗಿಸಿಕೊಂಡು ನಕ್ಕ.

ಅತ್ತಿಗೆ ನಗಲಿಲ್ಲ. "ಇನ್ನೊಂದು ಗ್ಯಾರಂಟಿ ಅಂತಿದ್ರೆ ದೊಡ್ಡ ಗಾಡಿ ತಗೋ. ಇಲ್ಲಾಂದ್ರೆ ಚಿಕ್ಕದು. ಬರೀ ಬೆಲೆ ಕೇಳ್ಬೇಡ ಕಣೇ, ಬಾಳಿಕೆ ಕೇಳು. ಬಾಳಿಕೆ ಕೇಳಿದ ಮೇಲೆ ಬಳಕೆ ಕೇಳು."

ಚಿಕ್ಕದನ್ನೇ ಕೊಂಡೆವು. ಅದರ ಗಾಲಿ ಇಂದಿಗೂ ಕಳಚಿಲ್ಲ. ನಾನಂತೂ ದಿನವೂ ಬಗ್ಗಿ ನೋಡುತ್ತೇನೆ.

ಈ ಅತ್ತಿಗೆಯ ಬಗ್ಗೆ ಬರೆಯಬೇಕು ಎಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಅವರು ಊರಿನ ಸಾರಿಗೆ ಕಚೇರಿಯಲ್ಲಿ ವೆಚ್ಚ ವಿಭಾಗದ ಉದ್ಯೋಗಿ. ಕಿಟಕಿ ಇಲ್ಲದ ಕೋಣೆ, ಕಾಲು ಅಲ್ಲಾಡುವ ಮೇಜು, ಮೇಜಿನ ಕಾಲಡಿಗೆ ಮಡಿಸಿಟ್ಟ ಹಳೆಯ ಟಿಕೆಟ್ಟುಗಳ ಕಟ್ಟು. ಅಲ್ಲಿ ಅವರನ್ನು ಎಲ್ಲರೂ ಕರೆಯುವುದು 'ತಕ್ಕಡಿ' ಎಂದು. ಮೊದಲಿಗೆ ಹಿಂದಿನಿಂದ ಕರೆಯುತ್ತಿದ್ದರಂತೆ. ಒಂದು ದಿನ ಅತ್ತಿಗೆ ತಾವೇ ತಿರುಗಿ "ಏನು?" ಎಂದ ಮೇಲೆ ಮುಂದಿನಿಂದಲೇ ಕರೆಯತೊಡಗಿದರು. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಬೇಡ ಅಂತೇನಲ್ಲಪ್ಪ. ಬಂದವರಲ್ಲಿ ಯಾರೂ ಬಾಳಿಕೆ ಬರೋ ಹಾಗೆ ಕಾಣಲಿಲ್ಲ" ಎನ್ನುತ್ತಾರೆ.

ನಮ್ಮ ಮನೆಯ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಮಾವ ರೈಲು ಶೆಡ್ಡಿನಲ್ಲಿ ಬೋಗಿ ರಿಪೇರಿಯ ಮೇಸ್ತ್ರಿಯಾಗಿದ್ದವರು. ನಿವೃತ್ತರಾಗಿ ವರ್ಷಗಳಾದರೂ ಶೆಡ್ಡಿನವರು ಅವರನ್ನು ಇನ್ನೂ 'ದೊಡ್ಡ ಮೇಸ್ತ್ರಿ' ಎನ್ನುತ್ತಾರೆ. ನಮ್ಮವರು ಬಸ್ಸು ರಿಪೇರಿ ಮಾಡುವ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಹೀಗಾಗಿ ನಮ್ಮ ಊಟದ ಮೇಜಿನ ಒಂದು ತುದಿಯಲ್ಲಿ ರೈಲು, ಇನ್ನೊಂದು ತುದಿಯಲ್ಲಿ ಬಸ್ಸು, ನಡುವೆ ತಕ್ಕಡಿ. ಇವರ ಜಗಳದಲ್ಲಿ ಬಿಸಿ ಚಹಾ ಎಲ್ಲಿ ಮಗುವಿನ ಮೇಲೆ ಚೆಲ್ಲುತ್ತದೋ ಎಂದು ಹೆದರಿಕೊಂಡು, ಕುರ್ಚಿಯನ್ನು ಒಂದು ಮಾರು ಹಿಂದೆ ಎಳೆದುಕೊಂಡು ಕೂರುವವಳು ನಾನು.

ನಮ್ಮ ಊರಿನಿಂದ ದೊಡ್ಡ ಊರಿಗೆ ಹೋಗುವ ರೈಲು ಪುಟ್ಟದು. ಒಂದು ಎಂಜಿನ್, ನಾಲ್ಕು ಬೋಗಿ. ನಾಲ್ಕರಲ್ಲಿ ಹಿರಿಯದಕ್ಕೆ ಶೆಡ್ಡಿನವರು ಇಟ್ಟ ಹೆಸರು 'ಅಜ್ಜಿ'. ಮರದ ಬೆಂಚು, ಮೇಲಕ್ಕೆ ತಳ್ಳಿದರೆ ತಾನಾಗಿ ಕೆಳಗೆ ಜಾರುವ ಕಿಟಕಿ. ಮಗುವನ್ನು ದೊಡ್ಡ ಊರಿನ ಮಕ್ಕಳ ಡಾಕ್ಟರ ಹತ್ತಿರ ಕರೆದೊಯ್ಯುವಾಗ ನಾನು ಅಜ್ಜಿಯಲ್ಲೇ ಕೂರುತ್ತಿದ್ದೆ, ಏಕೆಂದರೆ ಅದರ ಮೂಲೆಯಲ್ಲಿ ತಳ್ಳುಗಾಡಿ ನಿಲ್ಲಿಸಲು ಜಾಗವಿತ್ತು. ಮಾವನಿಗೆ ಅಜ್ಜಿ ಎಂದರೆ ಪ್ರಾಣ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಮಾವನಿಗೆ ಹೆಗ್ಗಣವೂ ಅದೇ, ಹೆತ್ತ ಮಗಳೂ ಅದೇ. "ನಲವತ್ತು ವರ್ಷ ಆಯ್ತು, ಒಂದು ದಿನ ದಾರೀಲಿ ನಿಂತಿಲ್ಲ" ಎಂದು ಮನೆಗೆ ಬಂದ ಪೋಸ್ಟ್‌ಮ್ಯಾನಿಗೂ ಹೇಳುತ್ತಿದ್ದರು.

ಹೀಗಿರುವಾಗ ನಮ್ಮವರ ಗ್ಯಾರೇಜಿಗೆ ಬಸ್ಸು ರಿಪೇರಿಗೆ ಕಳಿಸುವ ಧಣಿಯೊಬ್ಬರು ಸಾರಿಗೆ ಕಚೇರಿಗೆ ಒಂದು ಮಾತು ಮುಟ್ಟಿಸಿದರು: ರೈಲು ನಿಲ್ಲಿಸಿ, ಅದೇ ದಾರಿಗೆ ನಾನು ಬಸ್ಸು ಒದಗಿಸುತ್ತೇನೆ, ಖರ್ಚು ಅರ್ಧವಾಗುತ್ತದೆ. ಕಚೇರಿ ಒಂದು ಸಮಿತಿ ಮಾಡಿತು. ಹಳಿಯ ಖರ್ಚು, ರಸ್ತೆಯ ಖರ್ಚು, ಡ್ರೈವರ್ ಸಂಬಳ ಇವೆಲ್ಲ ಬೇರೆ ಬೇರೆಯವರ ಪಾಲಿಗೆ ಹೋದವು. ವಾಹನದ ವೆಚ್ಚ ಮಾತ್ರ, ಅಂದರೆ ಅಷ್ಟೇ ಜನರನ್ನು ಅಷ್ಟೇ ವರ್ಷ ಹೊರಲು ಬೋಗಿಗೆ ಎಷ್ಟು, ಬಸ್ಸಿಗೆ ಎಷ್ಟು ಎಂಬ ಹೋಲಿಕೆ, ಅತ್ತಿಗೆಯ ಅಲ್ಲಾಡುವ ಮೇಜಿನ ಮೇಲೆ ಬಂದು ಬಿತ್ತು.

ಮರುದಿನ ಬೆಳಗಿನ ಚಹಾ ಹೊತ್ತಿಗೆ ಸುದ್ದಿ ಮೇಜಿನ ಎರಡೂ ತುದಿಗೆ ಮುಟ್ಟಿತ್ತು.

"ಅಕ್ಕ, ಇದರಲ್ಲಿ ತೂಗೋಕೆ ಏನಿದೆ?" ನಮ್ಮವರು ಶುರು ಮಾಡಿದರು. "ಒಂದು ಬೋಗಿ ದುಡ್ಡಲ್ಲಿ ಎಂಟು ಬಸ್ಸು ಬರುತ್ತೆ. ಮುಗೀತಲ್ಲ."

"ಮುಗಿಯೋದು ನಿನ್ನ ಬಸ್ಸು," ಎಂದರು ಮಾವ. "ಹತ್ತು ವರ್ಷಕ್ಕೆ ತಗಡು. ಬೋಗಿ ನಲವತ್ತು ವರ್ಷ. ಅಜ್ಜಿ ನೋಡು."

"ಆ ಅಜ್ಜಿ ಕಿಟಕಿ ಹೋದ ವಾರ ನನ್ನ ತಲೆ ಮೇಲೆ ಬಿತ್ತು ಅಪ್ಪ."

"ಅದು ಆಶೀರ್ವಾದ ಕಣೋ. ಹಿರಿಯರು ತಲೆ ಮುಟ್ಟೋದು ಹಾಗೇ."

ಅತ್ತಿಗೆ ಚಹಾದ ಲೋಟ ಕೆಳಗಿಟ್ಟರು. "ಒಂದು ಬೋಗಿ ಜನ ಎಷ್ಟು ಬಸ್ಸಲ್ಲಿ ಹಿಡೀತಾರೆ?"

"ಎರಡು," ಎಂದರು ಇಬ್ಬರೂ ಒಟ್ಟಿಗೆ. ಒಮ್ಮತಕ್ಕೆ ಬಂದದ್ದಕ್ಕೆ ಇಬ್ಬರಿಗೂ ಬೇಜಾರಾದಂತೆ ಕಂಡಿತು.

"ಸರಿ. ಎರಡು ಬಸ್ಸು. ಹತ್ತು ವರ್ಷಕ್ಕೊಮ್ಮೆ ಹೊಸದು. ನಲವತ್ತು ವರ್ಷಕ್ಕೆ ನಾಲ್ಕು ಸಲ. ಎರಡು ನಾಲ್ಕಲಿ ಎಂಟು ಬಸ್ಸು. ಎಂಟು ಬಸ್ಸಿನ ದುಡ್ಡು ಅಂದ್ರೆ ಒಂದು ಬೋಗಿ ದುಡ್ಡು. ಸರಿಸಮ."

ಮೇಜಿನ ಎರಡು ತುದಿಯೂ ಮಂಕಾಯಿತು. ನನಗೆ ಮಾತ್ರ ಸಮಾಧಾನ. "ಹಾಗಾದ್ರೆ ಒಳ್ಳೇದೇ ಆಯ್ತಲ್ಲ ಅತ್ತಿಗೆ? ಜಗಳ ಇಲ್ಲ," ಎಂದೆ.

"ತಕ್ಕಡಿ ಹೀಗೆ ಸರಿಯಾಗಿ ನಡುಮಧ್ಯ ನಿಂತ್ರೆ ನನಗೆ ಅನುಮಾನ ಬರುತ್ತೆ," ಎಂದರು ಅತ್ತಿಗೆ. "ಎರಡು ಕಡೆಯವರೂ ಒಂದೊಂದು ಕಲ್ಲು ಬಚ್ಚಿಟ್ಟಿರ್ತಾರೆ."

ನಮ್ಮವರ ಕಲ್ಲು ಹೊರಗೆ ಬರಲು ಹೊತ್ತು ಬೇಕಾಗಲಿಲ್ಲ. ಅವರ ಬಾಯಿಗೆ ಬೀಗ ಎಂಬುದೇ ಇಲ್ಲ. ಅತ್ತಿಗೆ ಎರಡನೇ ಲೋಟ ಚಹಾ ಬಸಿದು ಕೊಟ್ಟು, "ನಿನ್ನೆ ಯಾಕೆ ತಡ ಆಯ್ತು?" ಎಂದು ಸುಮ್ಮನೆ ಕೇಳಿದರು ಅಷ್ಟೆ. ಧಣಿಯ ಬಸ್ಸುಗಳಿಗೆ ಐದಾರು ವರ್ಷಕ್ಕೇ ಎಂಜಿನ್ ಬದಲಿಸಬೇಕು, ಅದು ತನ್ನಂಥ ಕೈ ಇದ್ದರೆ ಮಾತ್ರ ಆಗುವ ಕೆಲಸ, ಗ್ಯಾರೇಜಿನ ಹಿಂದೆ ಯಾವಾಗಲೂ ಬದಲಿ ಬಸ್ಸುಗಳು ಸಾಲಾಗಿ ನಿಂತಿರುತ್ತವೆ, ಯಾಕೆಂದರೆ ಓಡುವುದರಲ್ಲಿ ಒಂದಲ್ಲ ಒಂದು ಕೈಕೊಟ್ಟೇ ಕೊಡುತ್ತದೆ ಎಂದು ಅವರು ಜಂಬದಿಂದ ಹೇಳುತ್ತಲೇ ಹೋದರು. ಅತ್ತಿಗೆ ತಲೆಯಾಡಿಸುತ್ತಾ ಕೇಳಿದರು. ತಾನು ಏನು ಹೇಳಿದೆನೆಂದು ನಮ್ಮವರಿಗೆ ಹೊಳೆಯುವಷ್ಟರಲ್ಲಿ ಎಂಜಿನ್ ಖರ್ಚೂ ಬದಲಿ ಬಸ್ಸೂ ಸೇರಿ ಅವರ ಎಂಟು ಬಸ್ಸು ಹತ್ತಾಗಿದ್ದವು. ಮಾವ ನಕ್ಕಿದ್ದೇ ನಕ್ಕಿದ್ದು.

ಆ ನಗು ಸಂಜೆಯ ತನಕವೂ ಉಳಿಯಲಿಲ್ಲ.

ರೈಲು ಶೆಡ್ಡಿನಲ್ಲಿ ಒಂದು ಪದ್ಧತಿ ಇದೆ. ಹದಿನಾಲ್ಕು ಹದಿನೈದು ವರ್ಷಕ್ಕೊಮ್ಮೆ ಬೋಗಿಯನ್ನು 'ಬಿಚ್ಚಿ ಕಟ್ಟುತ್ತಾರೆ'. ತಗಡು, ಹಲಗೆ, ಬೆಂಚು, ಗಾಲಿ, ಸ್ಪ್ರಿಂಗು ಎಲ್ಲವನ್ನೂ ಬಿಚ್ಚಿ, ಬರೀ ಅಸ್ಥಿಪಂಜರ ಉಳಿಸಿ, ಅದರಲ್ಲೂ ತುಕ್ಕು ಹಿಡಿದದ್ದನ್ನು ಕತ್ತರಿಸಿ, ಹೊಸದಾಗಿ ಕಟ್ಟುವುದು. ಬಿಚ್ಚುವ ಮೊದಲು ಬಾಗಿಲ ಪಕ್ಕದ ಹಿತ್ತಾಳೆಯ ನಂಬರ್ ಪ್ಲೇಟನ್ನು ಮೇಸ್ತ್ರಿ ತನ್ನ ಕೈಯಾರೆ ತೆಗೆದು ಮನೆಗೆ ಒಯ್ಯುತ್ತಾನೆ. ಎಲ್ಲ ಮುಗಿದ ಮೇಲೆ ಕೊನೆಯ ತಿರುಪು ಅದರದ್ದೇ. ನಂಬರ್ ಹಳೆಯದು, ಹಾಗಾಗಿ ಬೋಗಿಯೂ ಹಳೆಯದೇ. ಇದರ ಖರ್ಚು ಬೋಗಿಯ ಹೆಸರಿಗೆ ಬೀಳುವುದಿಲ್ಲ. ಎಣ್ಣೆ, ಬಣ್ಣ, ಪೊರಕೆ, ದೀಪದ ಜೊತೆ ಕಲಸಿ 'ಶೆಡ್ಡಿನ ಖರ್ಚು' ಎಂಬ ಒಂದೇ ಗುಡ್ಡೆಯಾಗಿಬಿಡುತ್ತದೆ. ಯಾರೂ ಮೋಸ ಮಾಡಬೇಕೆಂದು ಮಾಡಿದ್ದಲ್ಲ. ಶೆಡ್ಡಿನವರ ಅಭಿಮಾನ ಹಾಗೆ ಬೆಳೆದಿತ್ತು. ನಮ್ಮ ಬೋಗಿ ಸಾಯುವುದಿಲ್ಲ ಎಂದು ಅವರು ನಿಜವಾಗಿಯೂ ನಂಬಿದ್ದರು.

ಅತ್ತಿಗೆ ಚಿಕ್ಕವರಿದ್ದಾಗ ಒಂದು ಇಡೀ ಮಳೆಗಾಲ ಅಜ್ಜಿಯ ಪ್ಲೇಟು ಅವರ ಮನೆಯ ಕಪಾಟಿನಲ್ಲಿ, ಅವರ ಶಾಲೆಯ ಪುಸ್ತಕಗಳ ಪಕ್ಕ ಇತ್ತು. ಅದು ಅವರಿಗೆ ನೆನಪಿತ್ತು.

ಆ ಸಂಜೆ ಮಾವ ಹೊಸ್ತಿಲ ಬಳಿ ಚಪ್ಪಲಿಯ ಬಾರು ಹೊಲಿಯುತ್ತಿದ್ದರು. ಅತ್ತಿಗೆ ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತರು.

"ಅಪ್ಪ, ಅಜ್ಜೀನ ಎಷ್ಟು ಸಲ ಬಿಚ್ಚಿ ಕಟ್ಟಿದ್ರಿ?"

ಮಾವನ ಸೂಜಿ ನಿಂತಿತು. "ಬಣ್ಣ ಹೊಡೆದ್ವಿ."

"ನಾನು ಅದರ ಎಲುಬು ನೋಡಿದ್ದೀನಿ ಅಪ್ಪ. ನೀವೇ ಎತ್ತಿ ತೋರಿಸಿದ್ರಿ."

"ಮಕ್ಕಳಿಗೆ ಏನೇನೋ ಕಾಣುತ್ತೆ."

"ಬಿಚ್ಚಿ ಕಟ್ಟೋಕೆ ಅರ್ಧ ಬೋಗಿ ದುಡ್ಡು ಬೇಕು. ಒಂದು ಸಲ ಆಗಿದ್ರೆ ಒಂದೂವರೆ ಬೋಗಿ. ಎರಡು ಸಲ ಆಗಿದ್ರೆ ಎರಡು ಬೋಗಿ. ತಮ್ಮನ ಕಲ್ಲು ತಗೊಂಡು ನಿಮ್ಮದು ಬಿಟ್ರೆ ಅದು ತಕ್ಕಡಿನಾ?"

ಮಾವ ತಲೆ ಎತ್ತಿದರು. "ನಾಲ್ಕು ಬೋಗಿಗೂ ಆ ಲೆಕ್ಕ ಹಾಕಿದ್ರೆ ರೈಲು ನಿಲ್ಲುತ್ತೆ. ನಾನು ಕಟ್ಟಿದ್ದನ್ನ ನನ್ನ ಬಾಯಲ್ಲೇ ಮುರಿಸ್ತೀಯಾ? ಶೆಡ್ಡಿನ ಹುಡುಗರ ಮುಖ ಹೇಗೆ ನೋಡ್ಲಿ?"

"ಶೆಡ್ಡಿನ ಲೆಕ್ಕದಲ್ಲಿ ಅದು ಸಿಗಲ್ಲ. ಎಲ್ಲಾ ಒಂದೇ ಗುಡ್ಡೆ. ಆಗಿನ ಕೆಲಸದವರಲ್ಲಿ ಉಳಿದಿರೋರು ನೀವೊಬ್ಬರೇ."

"ಹಾಗಾದ್ರೆ ಯಾರಿಗೂ ಗೊತ್ತಿಲ್ಲ ಅಂತ ಬರಿ," ಎಂದು ಮಾವ ಎದ್ದು ಒಳಗೆ ಹೋದರು. ಒಂದೇ ಚಪ್ಪಲಿ ಹಾಕಿಕೊಂಡು.

ಆಮೇಲೆ ಮನೆಯಲ್ಲಿ ಮಾತು ಸತ್ತುಹೋಯಿತು. ಮಾವ ತಟ್ಟೆ ಎತ್ತಿಕೊಂಡು ವರಾಂಡಕ್ಕೆ ಹೋಗಿ ಉಣ್ಣುವರು. ಅತ್ತಿಗೆ ಕಚೇರಿಯಿಂದ ಬಂದು ತಮ್ಮ ಕೋಣೆ ಸೇರುವರು. ನಮ್ಮವರೇ ತೆಪ್ಪಗಾದರು ಎಂದರೆ ಊಹಿಸಿಕೊಳ್ಳಿ. ನನಗೋ, ಮನೆಯಲ್ಲಿ ಸದ್ದಿಲ್ಲದಿದ್ದರೆ ಮಗು ಮಾತು ಕಲಿಯುವುದು ತಡವಾಗುತ್ತದೇನೋ ಎಂಬ ಹೊಸ ಚಿಂತೆ ಹತ್ತಿಕೊಂಡಿತು. ತರಕಾರಿ ಹೆಚ್ಚುತ್ತಾ ಅದಕ್ಕೆ ಬೆಂಡೆಕಾಯಿ, ಬದನೆಕಾಯಿ ಎಂದು ಜೋರಾಗಿ ಪಾಠ ಹೇಳಿಕೊಡುತ್ತಿದ್ದೆ.

ಒಂದು ಮಧ್ಯಾಹ್ನ ಮಗುವಿನ ಬಟ್ಟೆ ಹಿಂಡುವಾಗ ತಡೆಯಲಾರದೆ ಕೇಳಿಯೇಬಿಟ್ಟೆ. "ಅತ್ತಿಗೆ, ನಿಮ್ಮ ಸಾಹೇಬ್ರು ಏನಂತಾರೆ?"

"ನಲವತ್ತು ವರ್ಷ ಅಂತ ಬರೆದು ಕೈ ತೊಳ್ಕೋ, ಯಾರು ಕೇಳ್ತಾರೆ ಅಂದ್ರು."

"ಹಾಗೇ ಬರೀರಲ್ಲ. ರೈಲೂ ಉಳಿಯುತ್ತೆ, ಮಾವನೂ ಮೇಜಿಗೆ ಬರ್ತಾರೆ."

ಅತ್ತಿಗೆ ಒಂದು ಪುಟ್ಟ ಅಂಗಿಯನ್ನು ಹಿಂಡಿ, ಕೊಡವಿ, ತಂತಿಯ ಮೇಲೆ ಹಾಕಿದರು. "ಬರೀಬಹುದು. ಆಮೇಲೆ ಆ ಕೋಣೇಲಿ ಕೂತು ನಾನು ತೂಗಿದ್ದನ್ನ ಯಾರು ನಂಬಬೇಕು? ಮೊದಲು ನಾನೇ ನಂಬಲ್ವಲ್ಲ. ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ ಕಣೇ. ಅವರು ನನಗೆ ಕಲಿಸಿದ್ದೇ ಇದು. ತಿರುಪು ಬಿಗಿಯಾಗಿದೆ ಅಂತ ಬಾಯಲ್ಲಿ ಹೇಳ್ಬೇಡ, ತಿರುಗಿಸಿ ನೋಡಿ ಹೇಳು ಅಂತ. ಈಗ ತಿರುಗಿಸಿ ನೋಡಿದ್ದಕ್ಕೆ ಸಿಟ್ಟು ಅವರಿಗೆ."

ಅವರ ದನಿ ನಡುಗಿತು. ಅತ್ತಿಗೆಯ ದನಿ ನಡುಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾನಾದರೋ ದಿನಕ್ಕೆ ಹತ್ತು ಸಲ ನಡುಗುವವಳು, ಅದಕ್ಕೆ ಬೆಲೆ ಇಲ್ಲ. ಅವರ ಕೈಯಿಂದ ಬಟ್ಟೆ ಇಸಿದುಕೊಂಡು ಮಿಕ್ಕದ್ದನ್ನೆಲ್ಲ ನಾನೇ ಹಿಂಡಿದೆ.

ಸಮಿತಿ ಸೇರಿದ್ದು ಸಾರಿಗೆ ಕಚೇರಿಯ ದೊಡ್ಡ ಕೋಣೆಯಲ್ಲಿ. ಯಾರು ಬೇಕಾದರೂ ಬಂದು ಕೇಳಬಹುದು ಎಂದಿದ್ದರಿಂದ ಹಿಂದಿನ ಬೆಂಚುಗಳು ತುಂಬಿಹೋಗಿದ್ದವು. ಒಂದು ಕಡೆ ನೀಲಿ ಅಂಗಿಯ ಶೆಡ್ಡಿನವರು, ಮಾವನ ಕೈಕೆಳಗೆ ಕೆಲಸ ಕಲಿತು ಈಗ ಅವರ ಜಾಗದಲ್ಲಿರುವ ಚಿಕ್ಕ ಮೇಸ್ತ್ರಿ ಅವರ ಮುಂದೆ. ಇನ್ನೊಂದು ಕಡೆ ಬಸ್ಸಿನ ಧಣಿ ಮತ್ತು ಅವರ ಜನ. ನಾನು ಮಗುವಿನೊಂದಿಗೆ ಬಾಗಿಲ ಪಕ್ಕದಲ್ಲೇ ಕೂತೆ, ಅತ್ತರೆ ಹೊರಗೆ ಓಡಲು. ಮಾವ ಬರುವುದಿಲ್ಲ ಎಂದಿದ್ದರು. ಎಲ್ಲರೂ ಕೂತಾದ ಮೇಲೆ ಬಂದು, ನಮ್ಮ ಕಡೆ ನೋಡದೆ, ಗೋಡೆಗೆ ಒರಗಿ ನಿಂತರು.

ಅತ್ತಿಗೆ ಎದ್ದು ನಿಂತು ಓದಿದರು. ಮೊದಲು ಬಸ್ಸು. ಬೆಲೆ, ಬಾಳಿಕೆ, ನಡುವೆ ಬದಲಿಸುವ ಎಂಜಿನ್, ಓಡದೆ ನಿಂತ ಬದಲಿ ಬಸ್ಸುಗಳು. ಎಂಟಲ್ಲ, ಹತ್ತು.

"ಬದಲಿ ಬಸ್ಸು ನನ್ನ ಜೇಬಿಂದು ಮೇಡಂ, ಅದನ್ನ ಯಾಕೆ ಸೇರಿಸ್ತೀರಿ?" ಎಂದರು ಧಣಿ.

"ನಿಮ್ಮ ಜೇಬಿಗೆ ಎಲ್ಲಿಂದ ಬರುತ್ತೆ ಧಣಿ? ಟಿಕೆಟ್ಟಿಂದ ತಾನೆ?"

ಶೆಡ್ಡಿನವರು ಬೆಂಚು ಕುಟ್ಟಿ ನಕ್ಕರು. ಧಣಿಯೂ ನಕ್ಕರು, ವ್ಯಾಪಾರಿ, ನಗದೆ ವಿಧಿಯಿಲ್ಲ.

ಆಮೇಲೆ ಬೋಗಿ. "ಬೋಗಿ ನಲವತ್ತು ವರ್ಷ ಬಾಳುತ್ತೆ ಅನ್ನೋದು ನಿಜ," ಎಂದರು ಅತ್ತಿಗೆ. "ಆದ್ರೆ ಸುಮ್ಮನೆ ಬಾಳಲ್ಲ. ನಡುವೆ ಬಿಚ್ಚಿ ಕಟ್ತಾರೆ. ಆ ಖರ್ಚು ಶೆಡ್ಡಿನ ಹೆಸರಲ್ಲಿ ಹೋಗಿದೆ. ಅದನ್ನ ಬೋಗಿ ಹೆಸರಿಗೇ ಹಾಕ್ಬೇಕು. ಅಜ್ಜೀನ ಒಂದು ಸಲ ಬಿಚ್ಚಿ ಕಟ್ಟಿದ್ದು ನನಗೆ ಗೊತ್ತು. ನಾನು ಕಣ್ಣಾರೆ ನೋಡಿದ್ದೀನಿ. ಮಿಕ್ಕ ಮೂರರದ್ದು ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತಲೇ ಹೇಳ್ತಿದ್ದೀನಿ."

ಕೋಣೆಯಲ್ಲಿ ಗದ್ದಲ ಎದ್ದಿತು. ಚಿಕ್ಕ ಮೇಸ್ತ್ರಿ ಎದ್ದು ನಿಂತ. "ಬರೀ ಬಣ್ಣ ಸಾಮಿ! ಅಜ್ಜಿಗೆ ಬಣ್ಣ ಬಿಟ್ಟು ಬೇರೆ ಏನೂ ಆಗಿಲ್ಲ. ಆಗ ಈ ಅಕ್ಕ ಲಂಗ ಹಾಕ್ಕೊಂಡು ಓಡಾಡೋ ಹುಡುಗಿ. ಎರಡು ಹಲಗೆ ತೆಗೆದಿಟ್ಟಿದ್ದು ನೋಡಿ ಎಲುಬು ಅಂತ ತಿಳ್ಕೊಂಡಿದ್ದಾರೆ."

ಅಧ್ಯಕ್ಷರು ಕನ್ನಡಕ ತೆಗೆದು ಅತ್ತಿಗೆಯನ್ನು ನೋಡಿದರು. "ಏನಮ್ಮ, ಚಿಕ್ಕಂದಿನಲ್ಲಿ ನೋಡಿದ ನೆನಪಿನ ಮೇಲೆ ಸಮಿತಿಗೆ ಲೆಕ್ಕ ಕೊಡ್ತಿದ್ದೀರಾ? ಬೇರೆ ಯಾರಾದರೂ ಹೇಳೋರಿದ್ದಾರಾ?"

ಅತ್ತಿಗೆ ಗೋಡೆಯ ಕಡೆ ನೋಡಲಿಲ್ಲ. ನಾನು ನೋಡಿದೆ, ನಮ್ಮವರು ನೋಡಿದರು, ಶೆಡ್ಡಿನವರೆಲ್ಲ ತಿರುಗಿ ನೋಡಿದರು. ಅತ್ತಿಗೆ ಮಾತ್ರ ಅಧ್ಯಕ್ಷರನ್ನೇ ನೋಡುತ್ತಾ, "ಹೇಳೋಕೆ ಇಷ್ಟ ಇರೋರು ಯಾರೂ ಇಲ್ಲ ಸರ್. ನಾನು ನೋಡಿದ್ದಕ್ಕೆ ನಾನೇ ಜವಾಬು. ಬೇಡ ಅಂದ್ರೆ ತೆಗೆದುಹಾಕಿ. ಆದ್ರೆ ಆಗ ಕೆಳಗೆ ನನ್ನ ಸಹಿ ಇರಲ್ಲ," ಎಂದರು.

ತಂದೆಯ ಹೆಸರು ಒಮ್ಮೆ ಎತ್ತಿದ್ದರೆ ಸಾಕಿತ್ತು. ಎತ್ತಲಿಲ್ಲ.

"ಅವಳು ಹೇಳಿದ್ದು ತಪ್ಪು," ಎಂದಿತು ಗೋಡೆಯ ಕಡೆಯಿಂದ ಒಂದು ಗಡಸು ದನಿ.

ಮಾವ. ಚಿಕ್ಕ ಮೇಸ್ತ್ರಿಯ ಮುಖ ಅರಳಿತು.

"ತಪ್ಪು," ಎಂದರು ಮಾವ ಮತ್ತೊಮ್ಮೆ, ಒರಗಿದ್ದ ಗೋಡೆ ಬಿಟ್ಟು ನೆಟ್ಟಗೆ ನಿಂತು. "ಒಂದು ಸಲ ಅಲ್ಲ. ಎರಡು ಸಲ. ಎರಡನೇ ಸಲ ಇವಳು ಓದೋಕೆ ಹೊರಗಿದ್ಲು, ಅದಕ್ಕೆ ನೋಡಿಲ್ಲ. ಎರಡು ಸಲವೂ ಬಿಚ್ಚಿದ್ದು ನಾನು, ಕಟ್ಟಿದ್ದು ನಾನು. ಈಗ ಮೂರನೇ ಸಲಕ್ಕೆ ಬಂದಿದೆ. ತಳದ ಉಕ್ಕು ಹೋಗಿದೆ. ಬಣ್ಣದ ಹೆಸರಲ್ಲಿ ಇನ್ನೊಂದು ಸಲ ಕಟ್ಟೋಣ ಅಂತ ಈ ಹುಡುಗರು ನನ್ನನ್ನ ಕೇಳಿದ್ರು. ನಾನೂ ಹೂಂ ಅಂದಿದ್ದೆ."

ಶೆಡ್ಡಿನವರು ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು.

"ಮಿಕ್ಕ ಮೂರು?" ಅಧ್ಯಕ್ಷರು ಕೇಳಿದರು.

ಮಾವ ಒಂದೊಂದಾಗಿ ಹೇಳಿದರು. ಎರಡನೆಯ ಬೋಗಿಯದೂ ಅಜ್ಜಿಯದೇ ಕಥೆ, ಆಯುಸ್ಸು ಮುಗಿದಿದೆ. ಮೂರನೆಯದು ಮತ್ತು ನಾಲ್ಕನೆಯದನ್ನು ತಾವು ಕೆಲಸ ಬಿಡುವ ಮೊದಲು ಬಿಚ್ಚಿ ಕಟ್ಟಿದ್ದು, ಇನ್ನೂ ಗಟ್ಟಿಯಾಗಿವೆ. ಅತ್ತಿಗೆ ಪೆನ್ನು ತೆಗೆದು ನಿಂತಲ್ಲೇ ಬರೆದುಕೊಂಡರು. ಬರೆಯುವಾಗ ತಂದೆ ಮಗಳು ಒಬ್ಬರನ್ನೊಬ್ಬರು ನೋಡಿದ್ದು ನಾನು ನೋಡಲಿಲ್ಲ. ನೋಡಿಕೊಳ್ಳಲಿಲ್ಲವೇನೋ. ಮೇಸ್ತ್ರಿ ಅಳತೆ ಹೇಳುವಾಗ ಬರೆದುಕೊಳ್ಳುವವರು ಹೇಗೆ ಬರೆದುಕೊಳ್ಳುತ್ತಾರೋ ಹಾಗೆ.

ಈಗ ಧಣಿ ಹಿಗ್ಗಿ ಹೀರೇಕಾಯಿಯಾಗಿದ್ದರು. "ಅಲ್ಲಿಗೆ ಆಯ್ತಲ್ಲ! ಒಂದು ಬೋಗಿಗೆ ಎರಡು ಬೋಗಿ ದುಡ್ಡು. ಹದಿನಾರು ಬಸ್ಸು! ನನ್ನದು ಹತ್ತೇ. ರೈಲು ನಿಲ್ಲಿಸಿ!"

"ಹೊಸದಾಗಿ ಕೊಳ್ಳೋದಾದ್ರೆ ನೀವು ಹೇಳೋದು ಸರಿ," ಎಂದರು ಅತ್ತಿಗೆ. "ಈ ದಾರಿಗೆ ಇವತ್ತು ಹೊಸ ಬೋಗಿ ಕೊಳ್ಳಿ ಅಂತ ನಾನು ಹೇಳಲ್ಲ. ಬಸ್ಸು ಅಗ್ಗ. ಅಜ್ಜಿಗೂ ಎರಡನೇ ಬೋಗಿಗೂ ಇನ್ನು ದುಡ್ಡು ಸುರಿಯೋದು ಬೇಡ. ಅವೆರಡರ ಬದಲು ಬಸ್ಸು ತನ್ನಿ. ಆದ್ರೆ ಮಿಕ್ಕ ಎರಡು ಬೋಗಿಗೆ ಖರ್ಚು ಆಗಿಹೋಗಿದೆ. ನಿಲ್ಲಿಸಿದ್ರೂ ಆ ದುಡ್ಡು ವಾಪಸ್ ಬರಲ್ಲ, ಓಡಿಸಿದ್ರೂ ಇನ್ನು ಹನ್ನೆರಡು ವರ್ಷ ಹೊಸ ದುಡ್ಡು ಕೇಳಲ್ಲ. ನಿಮ್ಮ ಬಸ್ಸಿಗೆ ನಾಳೆಯಿಂದಲೇ ದುಡ್ಡು ಬೇಕು. ಹಾಗಾಗಿ ಬೆಳಿಗ್ಗೆ ಸಂಜೆ ಜನ ತುಂಬೋ ಹೊತ್ತಿಗೆ ಆ ಎರಡು ಓಡಲಿ, ಸಾಲದಿದ್ದಕ್ಕೆ ಬಸ್ಸು. ಮಧ್ಯಾಹ್ನ ಖಾಲಿ ಇರೋ ಹೊತ್ತಿಗೆ ಬರೀ ಬಸ್ಸು ಹೋಗಲಿ."

"ಇದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಾಯ್ತು," ಧಣಿ ಗೊಣಗಿದರು.

"ಗೋಡೆ ಅಡ್ಡ ಇದ್ರೆ ದೀಪ ಇನ್ನೆಲ್ಲಿಡ್ಲಿ? ಎರಡು ಕಡೆಯೂ ಕಾಣ್ಬೇಕಲ್ಲ," ಎಂದು ಅತ್ತಿಗೆ ಕೂತರು.

ಸಮಿತಿ ಅವತ್ತೇ ಒಪ್ಪಿತು, ಒಂದಿಷ್ಟು ಅಳೆದು ಸುರಿದು. ಹಳಿಯವರೂ ರಸ್ತೆಯವರೂ ತಮ್ಮ ತಮ್ಮ ಲೆಕ್ಕ ಇಟ್ಟಾಗ ಅದೂ ಇದಕ್ಕೆ ಅಡ್ಡ ಬರಲಿಲ್ಲ. ನನಗೆ ಮಧ್ಯಾಹ್ನದ ಬಸ್ಸಿನ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ ಎಂದು ಕೇಳಿ ಅಂದಿನಿಂದ ನಿದ್ದೆಯಿಲ್ಲ, ಅದು ಬೇರೆ ಮಾತು.

ಹೊರಗೆ ಮೆಟ್ಟಿಲ ಬಳಿ ಚಿಕ್ಕ ಮೇಸ್ತ್ರಿ ಕಾದಿದ್ದ. ಕಣ್ಣು ಕೆಂಪಾಗಿತ್ತು. "ಮಗಳ ಮಾತು ಉಳಿಸೋಕೆ ಅಜ್ಜೀನ ಕೊಂದ್ರಲ್ಲ ದೊಡ್ಡ ಮೇಸ್ತ್ರಿ."

ಮಾವ ಅವನ ಹೆಗಲ ಮೇಲೆ ಕೈ ಹಾಕಿದರು. "ಅಜ್ಜಿ ಸತ್ತು ಬಹಳ ಕಾಲ ಆಯ್ತು ಕಣೋ. ಆಮೇಲೆ ಅವಳ ಹೆಸರಲ್ಲಿ ಅವಳ ಮಗಳು ಓಡಿದ್ಲು, ಮೊಮ್ಮಗಳು ಓಡಿದ್ಲು. ಮೂರೂ ಗಟ್ಟಿಗಿತ್ತಿಯರೇ. ಅದನ್ನ ಹೇಳೋಕೆ ನಾಚಿಕೆ ಯಾಕೆ? ಕಟ್ಟಿದ ಕೈ ನಮ್ಮದು ಅಲ್ವಾ? ಬಣ್ಣ ಅಂತ ಸುಳ್ಳು ಹೇಳಿ ನಮ್ಮ ಕೈಕೆಲಸಾನೇ ನಾವು ಮುಚ್ಚಿಟ್ವಲ್ಲೋ ಪೆದ್ದ."

ಚಿಕ್ಕ ಮೇಸ್ತ್ರಿ ಸ್ವಲ್ಪ ದೂರ ನಮ್ಮ ಜೊತೆಯಲ್ಲೇ ನಡೆದು ಬಂದು, ಶೆಡ್ಡಿನ ತಿರುವಿನಲ್ಲಿ ತಲೆಬಾಗಿ ಹೋದ. ಕೋಪ ಪೂರ್ತಿ ಇಳಿದಿರಲಿಲ್ಲ. ಈಗಲೂ ಅತ್ತಿಗೆಯನ್ನು ಕಂಡರೆ ಅರೆಮನಸ್ಸಿನಿಂದಲೇ ತಲೆಯಾಡಿಸುತ್ತಾನೆ.

ಆ ಸಂಜೆ ಮಾವ ತಟ್ಟೆ ಹಿಡಿದು ವರಾಂಡಕ್ಕೆ ಹೋಗಲಿಲ್ಲ. ಮೇಜಿಗೆ ಬಂದರು, ಕೂತರು, ಒಂದು ತುತ್ತು ಬಾಯಿಗಿಟ್ಟರು. ಆಮೇಲೆ ಎದುರಿಗೆ ಕೈ ಚಾಚಿದರು.

"ಎಲ್ಲಿ, ಕೊಡು ನೋಡೋಣ ನಿನ್ನ ಕಾಗದ."

ಅತ್ತಿಗೆ ಕೊಟ್ಟರು. ಮಾವ ಊಟ ಬಿಟ್ಟು ಕನ್ನಡಕ ಏರಿಸಿ, ಬೆರಳು ಹಾಯಿಸುತ್ತಾ ಸಾಲು ಸಾಲಾಗಿ ಓದಿದರು. ನಮ್ಮವರು ಏನೋ ತಮಾಷೆ ಮಾಡಲು ಬಾಯಿ ತೆರೆದರು. ನಾನು ಮೇಜಿನಡಿಯಲ್ಲಿ ಕಾಲು ತುಳಿದೆ.

"ಇಲ್ಲಿ ತಪ್ಪಿದೆ," ಎಂದರು ಮಾವ.

"ಎಲ್ಲಿ?"

"ಮೂರು, ನಾಲ್ಕನೇ ಬೋಗಿಗೆ ಹನ್ನೆರಡು ವರ್ಷ ಅಂತ ಬರೆದಿದ್ದೀಯ. ಹದಿನೈದು ಬರಿ. ನಾನು ಕಟ್ಟಿದ್ದು."

"ಬೇರೆ ಶೆಡ್ಡುಗಳಲ್ಲಿ ಕಟ್ಟಿದ್ದಕ್ಕೆ ಇಷ್ಟು ಓಡಿದ ಮೇಲೆ ಹನ್ನೆರಡೇ ಉಳಿಯೋದು ಅಪ್ಪ."

"ಬೇರೆ ಶೆಡ್ಡಲ್ಲಿ ನಾನಿದ್ನಾ?"

"ಇರಲಿಲ್ಲ. ಅದಕ್ಕೆ ಅಂತ ಮೂರು ವರ್ಷ ಜಾಸ್ತಿ ಬರೆಯೋಕಾಗಲ್ಲ. ಸಮಿತಿಗೆ ಏನು ಹೇಳ್ಲಿ, ನಮ್ಮಪ್ಪ ಒಳ್ಳೆಯವರು ಅಂತಲಾ?"

"ಹೇಳು, ಏನೀಗ? ಸುಳ್ಳಾ?"

"ನಿಜಾನೇ. ಆದ್ರೆ ತೂಕಕ್ಕೆ ಬರಲ್ಲ."

ಮಾವ ಮಗಳನ್ನು ದಿಟ್ಟಿಸಿದರು. ಅವರ ಮೀಸೆಯಡಿ ಏನೋ ಅಲುಗಿತು. ಆ ಮುಖದಲ್ಲಿ ಅಷ್ಟು ಹೆಮ್ಮೆಯನ್ನು ನಾನು ಅಜ್ಜಿಯ ಬಗ್ಗೆ ಮಾತಾಡುವಾಗಲೂ ಕಂಡಿರಲಿಲ್ಲ. ಕಾಗದವನ್ನು ಅನ್ನದ ಅಗುಳು ತಾಗದಂತೆ ಎತ್ತಿ ಅವರ ಕಡೆ ಚಾಚಿದರು.

"ಹನ್ನೆರಡೇ ಇರಲಿ ಬಿಡು," ಎಂದರು. "ಹದಿಮೂರನೇ ವರ್ಷ ಬಂದು ನನ್ನ ಹತ್ರ ತಪ್ಪಾಯ್ತು ಅಂತ ಹೇಳು."

"ಹೇಳ್ತೀನಿ. ಅಲ್ಲಿ ತನಕ ನೀವು ಬಾಳಿಕೆ ಬರಬೇಕಲ್ಲ?"

"ಬರ್ತೀನಿ ಕಣೇ," ಎಂದು ಮಾವ ಸಾರಿನ ಪಾತ್ರೆ ಎಳೆದುಕೊಂಡರು. "ನನ್ನನ್ನ ಇನ್ನೂ ಒಂದು ಸಲವೂ ಬಿಚ್ಚಿ ಕಟ್ಟಿಲ್ಲ."